ಅಡ್ಡದಾರಿ ಹಿಡಿದರೂ ಲೆಕ್ಕ ತಪ್ಪಬಾರದು

ನೆಟ್‌ವರ್ಕ್ಸ್ ಲ್ಯಾಬ್ ಮುಗಿಸಿ ಹೊರಗೆ ಬಂದ ಯಾರನ್ನಾದ್ರೂ ನಿಲ್ಲಿಸಿ ಒಂದು ಪ್ರಶ್ನೆ ಕೇಳಿ ನೋಡಿ: ನಿಮ್ಮ ಲ್ಯಾಪ್‌ಟಾಪ್‌ನಿಂದ ಹೊರಡೋ ಪ್ಯಾಕೆಟ್, ವೈಫೈ ಕಾರ್ಡ್ ಮುಟ್ಟೋ ಮೊದಲು ಲ್ಯಾಪ್‌ಟಾಪ್ ಒಳಗೇ ಎಲ್ಲೆಲ್ಲಿ ಹಾದು ಹೋಗುತ್ತೆ? ಓಎಸ್‌ಐ ಮಾದರಿಯ ಏಳು ಪದರಗಳ ಹೆಸರು ಒಂದೇ ಉಸಿರಿಗೆ ಬರುತ್ತೆ. ಬೆಲ್‌ಮನ್-ಫೋರ್ಡ್ ಬರುತ್ತೆ. ಲೀಕಿ ಬಕೆಟ್ ಪ್ರೋಗ್ರಾಂ ಅಂತೂ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಪಿತ್ರಾರ್ಜಿತ ಆಸ್ತಿಯ ಹಾಗೆ ಇಳಿದು ಬಂದಿದೆ. ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಬರೋದಿಲ್ಲ. ಇದು ಓದುವವರ ದೋಷವಲ್ಲ. ಲ್ಯಾಬ್‌ನಲ್ಲಿ ನಾವು ಮಾಡುವ ರೂಟಿಂಗ್ ಎಲ್ಲಾ ಸಿಮ್ಯುಲೇಟರ್‌ನಲ್ಲಿ. ನಿಜವಾದ ರೂಟಿಂಗ್ ಅದೇ ಕಂಪ್ಯೂಟರ್‌ನ ಕರ್ನಲ್ ಒಳಗೆ ಸದ್ದಿಲ್ಲದೆ ನಡೀತಾ ಇರುತ್ತೆ. ಅದನ್ನ ಇಣುಕಿ ನೋಡಿ ಅಂತ ಯಾರೂ ನಮಗೆ ಹೇಳಿಲ್ಲ.

ಈ ಬರಹದಲ್ಲಿ ನಾವು ಹೇಳೋಕೆ ಹೊರಟಿರೋದು ಎರಡು ಮಾತು. ಒಂದು, ಕಳೆದ ಹತ್ತು ವರ್ಷಗಳಲ್ಲಿ ಲಿನಕ್ಸ್ ಕರ್ನಲ್‌ನಲ್ಲಿ ಪ್ಯಾಕೆಟ್‌ಗಳಿಗೆ ದಾರಿ ತೋರಿಸುವ, ದಾರಿ ತಿರುಗಿಸುವ ಸಣ್ಣ ಸಣ್ಣ ಫಂಕ್ಷನ್‌ಗಳು ಬಂದಿವೆ. ಅವುಗಳಿಗೆ ಹೆಲ್ಪರ್ ಅಂತ ಹೆಸರು. ಅವು ಸುಧಾರಿಸಿಕೊಂಡು ಬಂದ ರೀತಿಯಲ್ಲಿ ಯಾವ ಪಠ್ಯಪುಸ್ತಕವೂ ಇಷ್ಟು ಚೆನ್ನಾಗಿ ಹೇಳದ ಒಂದು ಪಾಠ ಇದೆ: ಅಡ್ಡದಾರಿ ಹಿಡಿಯೋದು ತಪ್ಪಲ್ಲ, ಆದರೆ ಹಳೆಯ ದಾರಿ ಇಟ್ಟುಕೊಂಡಿದ್ದ ಲೆಕ್ಕಗಳನ್ನ ಹೊಸ ದಾರಿಯೂ ಇಟ್ಟುಕೊಳ್ಳಬೇಕು. ಎರಡು, ಈ ಪಾಠವನ್ನ ಕಲಿಯೋಕೆ ಬೇಕಾದ ಎಲ್ಲವೂ ನಮ್ಮ ಲ್ಯಾಪ್‌ಟಾಪ್‌ನಲ್ಲೇ ಬಿಟ್ಟಿಯಾಗಿ ಇರುವಾಗ, ನೆಟ್‌ವರ್ಕ್ಸ್ ಲ್ಯಾಬ್‌ನ ಕನಿಷ್ಠ ಒಂದು ಪ್ರಯೋಗವಾದರೂ ಕರ್ನಲ್ ಒಳಗೆ ನಡೀಬೇಕು.

ಯಾವ ರಸ್ತೆ, ಯಾವ ಬಾಗಿಲು

ಮೊದಲು ರೂಟಿಂಗ್ ಅಂದರೆ ಏನು ಅಂತ ನಮ್ಮ ಏರಿಯಾದ ಭಾಷೆಯಲ್ಲೇ ಹೇಳಿಬಿಡೋಣ. ಪದ್ಮನಾಭನಗರದ ಒಂದು ಪಿಜಿಗೆ ಪಾರ್ಸೆಲ್ ತರುವ ಹುಡುಗನಿಗೆ ಎರಡು ಬೇರೆ ಬೇರೆ ವಿಷಯ ಗೊತ್ತಾಗಬೇಕು. ಔಟರ್ ರಿಂಗ್ ರೋಡಿನಿಂದ ಎಲ್ಲಿ ಒಳಗೆ ತಿರುಗಬೇಕು, ಕದಿರೇನಹಳ್ಳಿ ಕಡೆಯಿಂದಲೋ ದೇವೇಗೌಡ ಪೆಟ್ರೋಲ್ ಬಂಕ್ ಹತ್ತಿರವೋ ಅನ್ನೋದು ಮೊದಲನೆಯದು. ಇದು ದಾರಿಯ ಪ್ರಶ್ನೆ. ಒಳಗೆ ಬಂದ ಮೇಲೆ ಸಾಲಾಗಿ ಒಂದೇ ಥರ ಕಾಣುವ ಕಟ್ಟಡಗಳಲ್ಲಿ ಯಾವ ಗೇಟು ಅನ್ನೋದು ಎರಡನೆಯದು. ಇದು ಬಾಗಿಲಿನ ಪ್ರಶ್ನೆ. ಮೊದಲನೆಯದಕ್ಕೆ ಮ್ಯಾಪ್ ಸಾಕು. ಎರಡನೆಯದಕ್ಕೆ ಅಲ್ಲೇ ಯಾರನ್ನಾದ್ರೂ ಕೇಳಬೇಕು, ಇಲ್ಲಾಂದ್ರೆ ಫೋನ್ ಮಾಡಬೇಕು.

ಕರ್ನಲ್ ಮಾಡೋದೂ ಇದೇ ಎರಡು ಕೆಲಸ. ಐಪಿ ವಿಳಾಸ ನೋಡಿ, ರೂಟಿಂಗ್ ಟೇಬಲ್‌ನಲ್ಲಿ ಹುಡುಕಿ, ಯಾವ ಇಂಟರ್‌ಫೇಸ್‌ನಿಂದ ಹೊರಗೆ ಹೋಗಬೇಕು, ಮುಂದಿನ ನಿಲ್ದಾಣ ಯಾವುದು ಅಂತ ತೀರ್ಮಾನಿಸುತ್ತೆ. ಇದು ದಾರಿ. ಆಮೇಲೆ ಆ ಮುಂದಿನ ನಿಲ್ದಾಣದ ಮ್ಯಾಕ್ ವಿಳಾಸ ಏನು ಅಂತ ನೇಬರ್ ಟೇಬಲ್‌ನಲ್ಲಿ ನೋಡುತ್ತೆ. ಅಲ್ಲಿ ಇಲ್ಲದಿದ್ದರೆ ಎಆರ್‌ಪಿ ಮೂಲಕ ಇಡೀ ಬೀದಿಗೇ ಕೇಳುವ ಹಾಗೆ ಕೂಗಿ ಕೇಳುತ್ತೆ, ಉತ್ತರ ಬರುವ ತನಕ ಪ್ಯಾಕೆಟನ್ನ ಕಾಯಿಸುತ್ತೆ. ಇದು ಬಾಗಿಲು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದೊಂದು ಸೆಕೆಂಡಿನ ಅಂತರದಲ್ಲಿ ಮೂರು ಸಲ ಕೂಗುತ್ತೆ. ಯಾರೂ ಓಗೊಡದಿದ್ದರೆ ನಮಗೆಲ್ಲ ಚಿರಪರಿಚಿತವಾದ ಆ ಸಂದೇಶ ಬರುತ್ತೆ: ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್.

ಈ ಕೆಲಸವನ್ನ ವೇಗವಾಗಿ ಮಾಡೋಕೆ ಕರ್ನಲ್ ಬರೆಯುವವರು ದಶಕಗಳಿಂದ ಒದ್ದಾಡಿದ್ದಾರೆ. ಒಂದು ಕಾಲದಲ್ಲಿ, ಒಮ್ಮೆ ಹುಡುಕಿದ ದಾರಿಯನ್ನ ನೆನಪಿಟ್ಟುಕೊಳ್ಳೋಕೆ ರೂಟಿಂಗ್ ಕ್ಯಾಶ್ ಅಂತ ಒಂದಿತ್ತು. 2012ರಲ್ಲಿ, 3.6ನೇ ಆವೃತ್ತಿಯಲ್ಲಿ, ಅದನ್ನ ಐಪಿವಿ4ನಿಂದ ಪೂರ್ತಿ ಕಿತ್ತು ಹಾಕಿದರು. ಬೇಕಂತಲೇ ಬೇರೆ ಬೇರೆ ವಿಳಾಸಗಳ ಪ್ಯಾಕೆಟ್ ಸುರಿದು ಆ ಕ್ಯಾಶನ್ನ ಹಾಳು ಮಾಡೋದು ಯಾರಿಗೆ ಬೇಕಾದರೂ ಸಾಧ್ಯ ಇತ್ತು. ವೇಗಕ್ಕೆ ಅಂತ ಸೇರಿಸಿದ್ದೇ ಹೊರೆಯಾದಾಗ ತೆಗೆಯುವ ಧೈರ್ಯವೂ ಎಂಜಿನಿಯರಿಂಗ್‌ನ ಭಾಗ ಅಂತ ತೋರಿಸುವ ಒಳ್ಳೆಯ ಉದಾಹರಣೆ ಅದು.

ಒಂದೇ ಯಂತ್ರದೊಳಗೆ ಎರಡು ಸಲ ಪ್ರಯಾಣ

ಆಮೇಲೆ ಕಂಟೇನರ್‌ಗಳ ಕಾಲ ಬಂತು. ಡಾಕರ್ ಬಳಸಿದವರಿಗೆ ಗೊತ್ತು, ಒಂದೇ ಸರ್ವರ್‌ನಲ್ಲಿ ಹತ್ತಾರು ಕಂಟೇನರ್ ಇರುತ್ತವೆ, ಪ್ರತಿಯೊಂದಕ್ಕೂ ತನ್ನದೇ ನೆಟ್‌ವರ್ಕ್ ನೇಮ್‌ಸ್ಪೇಸ್. ಅಂದರೆ ತನ್ನದೇ ರೂಟಿಂಗ್ ಟೇಬಲ್, ತನ್ನದೇ ಇಂಟರ್‌ಫೇಸ್. ಕಂಟೇನರ್‌ಗೂ ಹೋಸ್ಟ್‌ಗೂ ನಡುವೆ ವೀತ್ ಅನ್ನುವ ಜೋಡಿ ಇಂಟರ್‌ಫೇಸ್, ಒಂದು ತುದಿಯಲ್ಲಿ ಹಾಕಿದ್ದು ಇನ್ನೊಂದು ತುದಿಯಲ್ಲಿ ಬೀಳುವ ಪೈಪ್ ಇದ್ದ ಹಾಗೆ. ಕಂಟೇನರ್‌ನಿಂದ ಹೊರಟ ಪ್ಯಾಕೆಟ್ ಮೊದಲು ಕಂಟೇನರ್‌ನ ಟಿಸಿಪಿ-ಐಪಿ ಪದರಗಳನ್ನೆಲ್ಲ ಇಳಿದು ಬಂದು, ಪೈಪ್ ದಾಟಿ, ಹೋಸ್ಟ್‌ನಲ್ಲಿ ಹೊರಗಿನಿಂದ ಬಂದ ಅಪರಿಚಿತ ಪ್ಯಾಕೆಟ್‌ನಂತೆ ಮತ್ತೆ ಐಪಿ ಪದರದವರೆಗೆ ಹತ್ತಿ, ಫೈರ್‌ವಾಲ್ ನಿಯಮಗಳನ್ನೆಲ್ಲ ದಾಟಿ, ಮತ್ತೆ ಇಳಿದು ನಿಜವಾದ ನೆಟ್‌ವರ್ಕ್ ಕಾರ್ಡ್‌ಗೆ ಹೋಗಬೇಕು. ಕರ್ನಲ್ ಒಂದೇ, ಪ್ರಯಾಣ ಎರಡು.

ಈ ಸುತ್ತನ್ನ ಕಡಿಮೆ ಮಾಡೋಕೆ ಸಿಕ್ಕ ಸಾಧನ ಇಬಿಪಿಎಫ್. ಮೂಲ ಬಿಪಿಎಫ್ 1993ರಲ್ಲಿ ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್‌ಸನ್ ಪ್ರಕಟಿಸಿದ ಪ್ಯಾಕೆಟ್ ಫಿಲ್ಟರ್. ಟಿಸಿಪಿಡಂಪ್ ಇವತ್ತಿಗೂ ಅದರ ಮೇಲೆ ನಿಂತಿದೆ. 2014ರಲ್ಲಿ ಅದರ ವಿಸ್ತೃತ ರೂಪ ಲಿನಕ್ಸ್‌ಗೆ ಬಂತು. ನಾವು ಬರೆದ ಸಣ್ಣ ಪ್ರೋಗ್ರಾಂ ಒಂದನ್ನ, ಅದು ಕರ್ನಲ್ಲನ್ನ ಕೆಡಿಸೋದಿಲ್ಲ ಅಂತ ವೆರಿಫೈಯರ್ ಪರೀಕ್ಷೆ ಮಾಡಿದ ಮೇಲೆ, ಓಡ್ತಾ ಇರುವ ಕರ್ನಲ್ ಒಳಗೇ ಕೂರಿಸಬಹುದು. ಆ ಪ್ರೋಗ್ರಾಂ ಮನಸ್ಸಿಗೆ ಬಂದದ್ದನ್ನೆಲ್ಲ ಮಾಡೋಕೆ ಆಗಲ್ಲ. ಕರ್ನಲ್ ಕೊಟ್ಟಿರುವ ಹೆಲ್ಪರ್‌ಗಳನ್ನ ಮಾತ್ರ ಕರೆಯಬಹುದು. ಹಾಗಾಗಿ ಯಾವ ಹೆಲ್ಪರ್ ಇದೆ, ಅದು ಏನು ಮಾಡುತ್ತೆ, ಏನು ಮಾಡಲ್ಲ ಅನ್ನೋದೇ ಇಲ್ಲಿ ನಿರ್ಣಾಯಕ.

2015ರಲ್ಲಿ ಬಂದ ಮೊದಲ ಹೆಲ್ಪರ್ ಪ್ಯಾಕೆಟ್‌ನ ನಕಲು ಮಾಡಿ ಬೇರೆ ಇಂಟರ್‌ಫೇಸ್‌ಗೆ ಕಳಿಸ್ತಿತ್ತು. 2016ರ ಜನವರಿಯಲ್ಲಿ ಬಿಡುಗಡೆಯಾದ 4.4ರಲ್ಲಿ ನಕಲಿಲ್ಲದೆ ನೇರ ತಿರುಗಿಸುವ ರೀಡೈರೆಕ್ಟ್ ಬಂತು. ವೇಗ ಸಿಕ್ಕಿತು. ಆದರೆ ಅದಕ್ಕೆ ದಾರಿಯೂ ಗೊತ್ತಿಲ್ಲ, ಬಾಗಿಲೂ ಗೊತ್ತಿಲ್ಲ. ಈ ಇಂಟರ್‌ಫೇಸ್‌ಗೆ ಹಾಕು ಅಂದರೆ ಹಾಕುತ್ತೆ, ಅಷ್ಟೇ. ಮ್ಯಾಕ್ ವಿಳಾಸ ಸರಿಯಾಗಿ ಬರೆಯುವ ಜವಾಬ್ದಾರಿ ಪ್ರೋಗ್ರಾಂ ಬರೆದವರದ್ದು. 2018ರ 4.18ರಲ್ಲಿ ಡೇವಿಡ್ ಅಹೆರ್ನ್ ಅವರು ಫಿಬ್ ಲುಕಪ್ ಅನ್ನುವ ಹೆಲ್ಪರ್ ತಂದರು. ಅದು ಕರ್ನಲ್‌ನ ಅದೇ ರೂಟಿಂಗ್ ಟೇಬಲ್ಲನ್ನ ನೋಡಿ ದಾರಿ ಹೇಳುತ್ತೆ, ನೇಬರ್ ಟೇಬಲ್‌ನಲ್ಲಿ ಇದ್ದರೆ ಬಾಗಿಲನ್ನೂ ಹೇಳುತ್ತೆ. ಇಲ್ಲದಿದ್ದರೆ? "ನೇಬರ್ ಇಲ್ಲ" ಅಂತ ಉತ್ತರ ಕೊಟ್ಟು ಸುಮ್ಮನಾಗುತ್ತೆ. ಎಆರ್‌ಪಿ ಕೂಗು ಹಾಕುವ ಕೆಲಸ ಅದರದ್ದಲ್ಲ. ಆಗ ಪ್ರೋಗ್ರಾಂ ಪ್ಯಾಕೆಟನ್ನ ಮತ್ತೆ ಹಳೆಯ ಉದ್ದದ ದಾರಿಗೇ ಬಿಡಬೇಕಿತ್ತು.

2020ರ ಎರಡು ಸುಧಾರಣೆ

2020ರ ಡಿಸೆಂಬರ್‌ನಲ್ಲಿ ಬಂದ 5.10ನೇ ಆವೃತ್ತಿಯಲ್ಲಿ ಡೇನಿಯಲ್ ಬೋರ್ಕ್‌ಮನ್ ಅವರು ಸೇರಿಸಿದ ಎರಡು ಹೆಲ್ಪರ್‌ಗಳ ಬಗ್ಗೆ ನಾವು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮೊದಲನೆಯದು ರೀಡೈರೆಕ್ಟ್-ನೇಬರ್. ಹೊರಗೆ ಹೋಗುವ ಪ್ಯಾಕೆಟನ್ನ ಇದು ನೇರವಾಗಿ ಇಂಟರ್‌ಫೇಸ್‌ಗೆ ಎಸೆಯಲ್ಲ, ಕರ್ನಲ್‌ನ ನೇಬರ್ ವಿಭಾಗದ ಕೈಗೆ ಕೊಡುತ್ತೆ. ಬಾಗಿಲು ಹುಡುಕೋದು, ಗೊತ್ತಿಲ್ಲದಿದ್ದರೆ ಕೂಗಿ ಕೇಳೋದು, ಅಲ್ಲಿಯವರೆಗೆ ಪ್ಯಾಕೆಟ್ ಕಾಯಿಸೋದು, ಇದೆಲ್ಲ ಆ ವಿಭಾಗಕ್ಕೆ ಮೊದಲೇ ಗೊತ್ತಿರುವ ಕೆಲಸ. ಗೊತ್ತಿರುವವರ ಕೈಗೇ ಕೊಡೋದು ಮೇಲಲ್ವಾ?

ಇದರಿಂದ ಇನ್ನೂ ಒಂದು ಲಾಭ ಆಯ್ತು, ಅದು ಮೇಲ್ನೋಟಕ್ಕೆ ಕಾಣಲ್ಲ. ನಮ್ಮ ಕಡೆಯ ಯಾವುದಾದ್ರೂ ದರ್ಶಿನಿಯನ್ನ ನೆನಪಿಸಿಕೊಳ್ಳಿ. ಕ್ಯಾಷಿಯರ್ ಟೋಕನ್ ಕೊಡ್ತಾರೆ, ದೋಸೆ ಕೈಗೆ ಬಂದಾಗ ಒಳಗಿನವರು ಟೋಕನ್ ತಗೊಳ್ತಾರೆ. ಎಷ್ಟು ಟೋಕನ್ ಇನ್ನೂ ವಾಪಸ್ ಬಂದಿಲ್ಲ ಅಂತ ನೋಡಿದರೆ ಒಳಗೆ ಎಷ್ಟು ರಶ್ ಇದೆ ಅಂತ ಕ್ಯಾಷಿಯರ್‌ಗೆ ತಿಳಿಯುತ್ತೆ, ಅವರು ನಿಧಾನ ಮಾಡ್ತಾರೆ. ಈಗ ಕಲ್ಪಿಸಿಕೊಳ್ಳಿ, ಜನ ಸಾಲಿನಲ್ಲಿ ನಿಂತ ತಕ್ಷಣವೇ ಯಾರೋ ಬಂದು ಟೋಕನ್ ಎಲ್ಲಾ ಕಿತ್ತುಕೊಂಡು ಡಬ್ಬಿಗೆ ಹಾಕಿಬಿಟ್ಟರೆ? ದೋಸೆ ಎಲ್ಲಾ ಹೋಯ್ತು ಅಂದುಕೊಂಡು ಕ್ಯಾಷಿಯರ್ ಬಿಲ್ ಹಾಕ್ತಾನೇ ಇರ್ತಾರೆ. ಸಾಲು ಬೀದಿಗೆ ಬರುತ್ತೆ.

ಕಂಟೇನರ್ ಪ್ಯಾಕೆಟ್‌ಗಳಿಗೆ ಆಗ್ತಾ ಇದ್ದದ್ದು ಇದೇ. ಪ್ರತಿ ಪ್ಯಾಕೆಟ್‌ಗೂ ತಾನು ಯಾವ ಸಾಕೆಟ್‌ಗೆ ಸೇರಿದ್ದು ಅನ್ನುವ ಗುರುತು ಇರುತ್ತೆ. ಪ್ಯಾಕೆಟ್ ಇನ್ನೂ ಕ್ಯೂನಲ್ಲಿ ಇದೆಯಾ, ಹೊರಟು ಹೋಯ್ತಾ ಅಂತ ಟಿಸಿಪಿ ಆ ಗುರುತಿನಿಂದಲೇ ಲೆಕ್ಕ ಇಡುತ್ತೆ. ಆದರೆ ಹೋಸ್ಟ್‌ನ ಐಪಿ ಪದರವನ್ನ ಹತ್ತುವಾಗ ಆ ಗುರುತು ಅಳಿಸಿ ಹೋಗ್ತಿತ್ತು. ಕಂಟೇನರ್‌ನ ಟಿಸಿಪಿ ಪ್ಯಾಕೆಟ್ ಹೊರಟೇ ಹೋಯ್ತು ಅಂದುಕೊಂಡು ಇನ್ನಷ್ಟು ತುಂಬ್ತಿತ್ತು. ರೀಡೈರೆಕ್ಟ್-ನೇಬರ್ ಬಳಸಿದರೆ ಪ್ಯಾಕೆಟ್ ಹೋಸ್ಟ್‌ನ ಐಪಿ ಪದರ ಹತ್ತೋದೇ ಇಲ್ಲ, ಗುರುತು ಕೊನೆಯ ಕ್ಯೂ ತನಕ ಉಳಿಯುತ್ತೆ. ದಾರಿ ಚಿಕ್ಕದಾಯ್ತು, ಜೊತೆಗೆ ಹಳೆಯ ದಾರಿ ಕಳೆದು ಹಾಕ್ತಿದ್ದ ಲೆಕ್ಕವೂ ಸರಿ ಹೋಯ್ತು. ಇದಕ್ಕೇ ನಾವು ಸುಧಾರಣೆ ಅನ್ನೋದು.

ಎರಡನೆಯದು ರೀಡೈರೆಕ್ಟ್-ಪೀರ್. ಇದು ಹೊರಗಿನಿಂದ ಕಂಟೇನರ್‌ಗೆ ಬರುವ ಪ್ಯಾಕೆಟ್‌ಗೆ. ಹಿಂದೆ ವೀತ್ ಪೈಪ್ ದಾಟುವಾಗ ಪ್ಯಾಕೆಟ್ ಸಿಪಿಯುನ ಬ್ಯಾಕ್‌ಲಾಗ್ ಕ್ಯೂನಲ್ಲಿ ಇನ್ನೊಂದು ಸಲ ಸರದಿಗೆ ನಿಲ್ಲಬೇಕಿತ್ತು. ಈ ಹೆಲ್ಪರ್ ಅದನ್ನ ಆ ಸರದಿ ಇಲ್ಲದೆ ನೇರವಾಗಿ ಕಂಟೇನರ್ ಒಳಗಿನ ತುದಿಗೆ ದಾಟಿಸುತ್ತೆ.

ಕತೆ ಇಲ್ಲಿಗೆ ಮುಗಿಯಲ್ಲ. ಮೊದಲು ಬರೆದಾಗ ರೀಡೈರೆಕ್ಟ್-ನೇಬರ್ ದಾರಿಯನ್ನೂ ತಾನೇ ಹುಡುಕ್ತಿತ್ತು. ಪ್ರೋಗ್ರಾಂ ಮೊದಲೇ ಫಿಬ್ ಲುಕಪ್ ಮಾಡಿ ದಾರಿ ತಿಳಿದುಕೊಂಡಿದ್ದರೂ, ಈ ಹೆಲ್ಪರ್ ಅದನ್ನೇ ಮತ್ತೆ ಕೇಳ್ತಿತ್ತು. ಟೋಕೆ ಹೊಯ್ಲಂಡ್-ಯಾರ್ಗೆನ್ಸೆನ್ ಅವರು 5.10 ಬಿಡುಗಡೆ ಆಗುವ ಮೊದಲೇ ಇದನ್ನ ಸರಿಪಡಿಸಿದರು: ಮುಂದಿನ ನಿಲ್ದಾಣ ಯಾವುದು ಅಂತ ಗೊತ್ತಿದ್ದರೆ ಕರೆಯುವವರೇ ಕೊಡಬಹುದು. ಒಂದೇ ಪ್ರಶ್ನೆಯನ್ನ ಎರಡು ಸಲ ಕೇಳೋದು ಬೇಡ. ಫಿಬ್ ಲುಕಪ್ "ನೇಬರ್ ಇಲ್ಲ" ಅಂದಾಗ ಏನು ಮಾಡೋದು ಅನ್ನುವ 2018ರ ಪ್ರಶ್ನೆಗೂ ಹೀಗೆ ಉತ್ತರ ಸಿಕ್ಕಿತು. ದಾರಿ ಒಬ್ಬರು ಹೇಳ್ತಾರೆ, ಬಾಗಿಲು ಇನ್ನೊಬ್ಬರು ಹುಡುಕ್ತಾರೆ. ಬಿಡುಗಡೆಯಾದ ಮೇಲೆ ಹೆಲ್ಪರ್‌ನ ರೂಪ ಬದಲಿಸೋದು ಬಹಳ ಕಷ್ಟ, ಅದನ್ನ ನಂಬಿಕೊಂಡ ಪ್ರೋಗ್ರಾಂಗಳು ಮುರಿದು ಬೀಳ್ತವೆ. ಆದ್ದರಿಂದ ಅವರು ಅವಸರ ಮಾಡಿದ್ದೇ ಸರಿ.

ತಪ್ಪಿ ಹೋದ ಲೆಕ್ಕ

ಇಷ್ಟೆಲ್ಲ ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಲೇಬೇಕು. ಅಡ್ಡದಾರಿಯಲ್ಲಿ ಹೋದವನಿಗೆ ಟೋಲ್ ಗೇಟ್ ಸಿಗಲ್ಲ. ಹೋಸ್ಟ್‌ನ ಐಪಿ ಪದರ ಹತ್ತದ ಪ್ಯಾಕೆಟ್, ಅಲ್ಲಿ ಕೂತಿರುವ ಐಪಿಟೇಬಲ್ಸ್‌ನ ಫಾರ್ವರ್ಡ್ ನಿಯಮಗಳಿಗೂ ಸಿಗಲ್ಲ. ಯಾವನೋ ಅಡ್ಮಿನ್ ವರ್ಷಗಳ ಹಿಂದೆ ಬರೆದಿಟ್ಟ "ಇದನ್ನ ತಡೆ" ಅನ್ನುವ ನಿಯಮ ಅಲ್ಲೇ ಇರುತ್ತೆ, ಪ್ಯಾಕೆಟ್ ಮಾತ್ರ ಪಕ್ಕದಿಂದ ಹೋಗಿಬಿಟ್ಟಿರುತ್ತೆ. ಪ್ಯಾಕೆಟ್‌ನ ಟಿಟಿಎಲ್ ಒಂದು ಕಡಿಮೆ ಮಾಡೋದು ಕೂಡ ಐಪಿ ಫಾರ್ವರ್ಡಿಂಗ್ ಮಾಡುವ ಕೆಲಸ. ಪ್ರೋಗ್ರಾಂ ಬರೆದವರು ಅದನ್ನ ಮರೆತರೆ ಟ್ರೇಸ್‌ರೂಟ್‌ನಲ್ಲಿ ನಡುವಿನ ಯಂತ್ರ ಕಾಣೋದೇ ಇಲ್ಲ. ಅದಕ್ಕಿಂತ ಕೆಟ್ಟದ್ದು ಅಂದರೆ, ದಾರಿ ಎಲ್ಲಾದರೂ ಸುತ್ತು ಹಾಕಿಕೊಂಡರೆ ಪ್ಯಾಕೆಟ್ ಸಾಯದೆ ತಿರುಗ್ತಾ ಇರುತ್ತೆ.

ರೀಡೈರೆಕ್ಟ್-ಪೀರ್‌ಗೆ ಆದದ್ದು ಇನ್ನೂ ಸ್ವಾರಸ್ಯ. ಅದರ ಮೂಲಕ ಕಂಟೇನರ್‌ಗೆ ಬಂದ ಪ್ಯಾಕೆಟ್‌ಗಳು ಆ ಇಂಟರ್‌ಫೇಸ್‌ನ "ಬಂದ ಪ್ಯಾಕೆಟ್" ಎಣಿಕೆಯಲ್ಲಿ ಸೇರ್ತಾನೇ ಇರಲಿಲ್ಲ. ಕಂಟೇನರ್ ಡೇಟಾ ತಗೊಳ್ತಾ ಇದೆ, ಲೆಕ್ಕದಲ್ಲಿ ಮಾತ್ರ ಕಾಣ್ತಾ ಇಲ್ಲ. ಆ ಎಣಿಕೆ ನಂಬಿಕೊಂಡು ಗ್ರಾಫ್ ಹಾಕುವ ಸಿಅಡ್ವೈಸರ್‌ನಂಥ ಮಾನಿಟರಿಂಗ್ ಸಾಧನಗಳಿಗೆ ತಪ್ಪು ಚಿತ್ರ ಸಿಗ್ತಿತ್ತು. ಇದು ಸರಿಯಾದದ್ದು 2023ರ ಕೊನೆಯಲ್ಲಿ. ಅಂದರೆ ದೊಡ್ಡ ದೊಡ್ಡ ಕ್ಲಸ್ಟರ್‌ಗಳಲ್ಲಿ ಬಳಕೆಯಲ್ಲಿದ್ದ ಒಂದು ಹೆಲ್ಪರ್, ಸುಮಾರು ಮೂರು ವರ್ಷ, ತನ್ನ ಎಣಿಕೆ ತಾನು ಮಾಡಿರಲಿಲ್ಲ.

ಇದನ್ನ ನಾವು ಯಾರನ್ನೋ ಆಡಿಕೊಳ್ಳೋಕೆ ಹೇಳ್ತಾ ಇಲ್ಲ. ಹಳೆಯ ದಾರಿ ಯಾಕೆ ಉದ್ದ ಇತ್ತು ಅಂತ ಕೇಳದೆ ಹೊಸ ದಾರಿ ಹಾಕಿದರೆ ಇಂಥದ್ದು ಆಗುತ್ತೆ. ಆ ಉದ್ದದಲ್ಲಿ ಅರ್ಧ ವ್ಯರ್ಥ ಸುತ್ತಾಟ, ಇನ್ನರ್ಧ ಎಣಿಕೆ, ಕಾವಲು, ಶಿಸ್ತು. ಯಾವುದು ವ್ಯರ್ಥ, ಯಾವುದು ಕಾವಲು ಅಂತ ಬಿಡಿಸಿ ನೋಡೋದೇ ಎಂಜಿನಿಯರ್ ಕೆಲಸ. ಸಿಮ್ಯುಲೇಟರ್‌ನಲ್ಲಿ ಇದನ್ನ ಕಲಿಯೋಕೆ ಆಗಲ್ಲ, ಯಾಕಂದ್ರೆ ಸಿಮ್ಯುಲೇಟರ್‌ನಲ್ಲಿ ಬರೆದವರು ಯೋಚಿಸಿದ್ದಷ್ಟೇ ಇರುತ್ತೆ. ಕರ್ನಲ್‌ನಲ್ಲಿ ಮೂವತ್ತು ವರ್ಷಗಳ ಸಂಸಾರ ಇದೆ.

ಇದು ದೂರದ ಊರಿನ ವಿಷಯ ಅಲ್ಲ

"ಕರ್ನಲ್ ಅಂದ್ರೆ ಅಮೆರಿಕದವರೋ ಯುರೋಪಿನವರೋ ಬರೆಯೋದು, ನಮಗ್ಯಾಕೆ" ಅನ್ನುವ ಮಾತು ಕ್ಯಾಂಟೀನ್‌ನಲ್ಲಿ ಆಗಾಗ ಕೇಳುತ್ತೆ. ಅವರು ಒಮ್ಮೆ ಕರ್ನಲ್ ಸೋರ್ಸ್‌ನಲ್ಲಿ ಕೆಪ್ರೋಬ್ಸ್ ಅನ್ನುವ ಫೈಲ್ ತೆರೆದು ತಲೆಬರಹ ಓದಬೇಕು. ಓಡ್ತಾ ಇರುವ ಕರ್ನಲ್‌ನ ಬಹುತೇಕ ಯಾವುದೇ ಫಂಕ್ಷನ್‌ಗೆ ನಿಲ್ಲಿಸದೇನೇ ಒಂದು ಕಣ್ಣು ಅಂಟಿಸಿ ನೋಡುವ ಸಾಧನ ಅದು. 2002ರ ಅಕ್ಟೋಬರ್‌ನಲ್ಲಿ ವಂಶಿ ಕೃಷ್ಣ ಎಸ್. ಮೊದಲ ರೂಪ ಬರೆದರು, 2004ರಲ್ಲಿ ಪ್ರಸನ್ನ ಎಸ್. ಪಂಚಮುಖಿ ಮತ್ತು ಸುಪರ್ಣಾ ಭಟ್ಟಾಚಾರ್ಯ ಅದನ್ನ ಬೆಳೆಸಿದರು ಅಂತ ಅಲ್ಲೇ ದಾಖಲಾಗಿದೆ. ಮೂವರ ಇಮೇಲ್ ವಿಳಾಸವೂ ಐಬಿಎಂನ ಭಾರತ ವಿಭಾಗದ್ದು. ಕೆಲಸ ನಡೆದದ್ದು ಬೆಂಗಳೂರಿನ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನಲ್ಲಿ. ಮುಂದೆ ವರ್ಷಗಟ್ಟಲೆ ಅದನ್ನ ನೋಡಿಕೊಂಡವರ ಪಟ್ಟಿಯಲ್ಲಿ ಅನಂತ್ ಮಾವಿನಕಾಯನಹಳ್ಳಿ ಅನ್ನುವ ಹೆಸರಿತ್ತು. ಆ ಅಡ್ಡಹೆಸರು ಯಾವ ನಾಡಿನದು ಅಂತ ನಮ್ಮ ಓದುಗರಿಗೆ ಬೇರೆ ಹೇಳಬೇಕಿಲ್ಲ. 2004ರಲ್ಲಿ ಕರ್ನಲ್ ಸೇರಿದ ಈ ಕೆಪ್ರೋಬ್ಸ್‌ಗೆ 2015ರಿಂದ ಇಬಿಪಿಎಫ್ ಪ್ರೋಗ್ರಾಂಗಳನ್ನೂ ಜೋಡಿಸಬಹುದು. ಅಂದರೆ ಇವತ್ತು ಜಗತ್ತಿನ ಯಾವ ಮೂಲೆಯಲ್ಲಾದ್ರೂ ಒಬ್ಬರು ಕರ್ನಲ್‌ನ ರೂಟಿಂಗ್ ಫಂಕ್ಷನ್‌ಗೆ ಹೀಗೆ ಕಣ್ಣು ಅಂಟಿಸಿ ನೋಡ್ತಾ ಇದ್ದರೆ, ಅವರು ನೋಡ್ತಾ ಇರೋದು ನಮ್ಮ ಊರಿನಲ್ಲಿ ಕೊರೆದ ಕಿಂಡಿಯಿಂದ.

ಅದೇ ಕಾಲದಲ್ಲಿ ಊರಿನಲ್ಲಿ ಲಿನಕ್ಸ್ ಬೆಂಗಳೂರು ಅನ್ನುವ ಸಮ್ಮೇಳನ ನಡೀತಿತ್ತು. 2005ರಲ್ಲಿ ಅದು ಫಾಸ್ ಡಾಟ್ ಇನ್ ಆಯ್ತು. ಬಳಸುವವರಾಗಿ ಉಳೀಬೇಡಿ, ಕೊಡುವವರಾಗಿ ಅನ್ನೋದು ಅದರ ಸಂಘಟಕರಲ್ಲಿ ಪ್ರಮುಖರಾದ ಅತುಲ್ ಚಿಟ್ನಿಸ್ ಹಟ ಹಿಡಿದು ಹೇಳ್ತಿದ್ದ ಮಾತಿನ ಸಾರ. ಆ ಸಮ್ಮೇಳನ 2012ಕ್ಕೆ ನಿಂತಿತು. ಆ ಹಟ ನಿಲ್ಲಬಾರದು ಅನ್ನೋದು ನಮ್ಮ ಆಸೆ.

ನಾವು ಕೇಳೋದು ಇಷ್ಟೇ

ಹಾಗಾದರೆ ಲ್ಯಾಬ್‌ನಲ್ಲಿ ಏನು ಮಾಡಬೇಕು? ನಾವು ಸುಮ್ಮನೆ ದೂರಿ ಬಿಡೋದಿಲ್ಲ, ಪ್ರಯೋಗವನ್ನೇ ಇಲ್ಲಿ ಹೇಳ್ತೀವಿ. ಬೇಕಾದದ್ದು ಲಿನಕ್ಸ್ ಇರುವ ಒಂದು ಲ್ಯಾಪ್‌ಟಾಪ್, ಅಥವಾ ವಿಂಡೋಸ್ ಮೇಲೇ ಒಂದು ವರ್ಚುವಲ್ ಮಷೀನ್. ಕೇಬಲ್ ಬೇಡ, ರೂಟರ್ ಬೇಡ, ಇಂಟರ್‌ನೆಟ್ ಕೂಡ ಬೇಡ.

ಮೊದಲು ಮೂರು ನೆಟ್‌ವರ್ಕ್ ನೇಮ್‌ಸ್ಪೇಸ್ ಮಾಡಿ. ಎಡಗಡೆ ಒಂದು ಮನೆ, ಬಲಗಡೆ ಒಂದು ಮನೆ, ನಡುವೆ ರೂಟರ್. ಎರಡು ಜೋಡಿ ವೀತ್‌ನಿಂದ ಸೇರಿಸಿ, ವಿಳಾಸ ಕೊಡಿ, ಪಿಂಗ್ ಮಾಡಿ. ಹೋಗಲ್ಲ. ಯಾಕೆ ಹೋಗಲ್ಲ ಅಂತ ಹುಡುಕೋದೇ ಮೊದಲ ಪಾಠ: ಮನೆಗಳಿಗೆ ದಾರಿ ಹೇಳಿಲ್ಲ, ರೂಟರ್‌ಗೆ ಫಾರ್ವರ್ಡ್ ಮಾಡು ಅಂತ ಹೇಳಿಲ್ಲ. ಹೇಳಿದ ಮೇಲೆ ಹೋಗುತ್ತೆ. ಆಮೇಲೆ ಇಲ್ಲದ ಒಂದು ವಿಳಾಸಕ್ಕೆ ಪಿಂಗ್ ಮಾಡಿ ನೇಬರ್ ಟೇಬಲ್ ನೋಡ್ತಾ ಕೂತ್ಕೊಳ್ಳಿ. ಮೂರು ಕೂಗು, ಆಮೇಲೆ ಫೇಲ್ಡ್. ಎಆರ್‌ಪಿ ಬಗ್ಗೆ ಬೋರ್ಡ್ ಮೇಲೆ ಒಂದು ಗಂಟೆ ಕೇಳಿದ್ದು ಐದು ಸೆಕೆಂಡಲ್ಲಿ ಕಣ್ಣ ಮುಂದೆ ಬರುತ್ತೆ.

ಎರಡನೇ ಹಂತದಲ್ಲಿ ರೂಟರ್‌ನ ಎರಡೂ ಬದಿಗೆ ಹತ್ತಿಪ್ಪತ್ತು ಸಾಲಿನ ಬಿಪಿಎಫ್ ಪ್ರೋಗ್ರಾಂ ಹಾಕಿ. ಎಆರ್‌ಪಿಯನ್ನ ಮುಟ್ಟಬೇಡಿ, ಐಪಿ ಪ್ಯಾಕೆಟನ್ನ ಮಾತ್ರ ಬರೀ ರೀಡೈರೆಕ್ಟ್‌ನಿಂದ ಆಚೆ ಬದಿಗೆ ಕಳಿಸಿ. ಪಿಂಗ್ ನಿಲ್ಲುತ್ತೆ. ಟಿಸಿಪಿಡಂಪ್‌ನಲ್ಲಿ ನೋಡಿದರೆ ಪ್ಯಾಕೆಟ್ ಬಲಗಡೆ ಮನೆಗೆ ಬಂದೇ ಇದೆ! ಆದರೆ ಅದರ ಮೇಲಿನ ಮ್ಯಾಕ್ ವಿಳಾಸ ಇನ್ನೂ ರೂಟರ್‌ನದ್ದೇ. "ಇದು ನಮ್ಮದಲ್ಲ, ಬೇರೆಯವರದ್ದು" ಅಂತ ಆ ಮನೆಯ ಕರ್ನಲ್ ಅದನ್ನ ಬಿಸಾಡ್ತಾ ಇದೆ. ಈಚಿನ ಕರ್ನಲ್‌ಗಳು ಪ್ಯಾಕೆಟ್ ಬಿಸಾಡಿದ ಕಾರಣವನ್ನೂ ಹೇಳ್ತವೆ, ಅದನ್ನೂ ಓದಬಹುದು. ಈಗ ಆ ಒಂದು ಹೆಲ್ಪರ್ ಬದಲು ರೀಡೈರೆಕ್ಟ್-ನೇಬರ್ ಹಾಕಿ. ಪಿಂಗ್ ವಾಪಸ್ ಬರುತ್ತೆ. ಲೇಯರ್ 2, ಲೇಯರ್ 3 ನಡುವಿನ ವ್ಯತ್ಯಾಸ ಇದಕ್ಕಿಂತ ಚೆನ್ನಾಗಿ ಅರ್ಥ ಆಗುವ ಇನ್ನೊಂದು ಪ್ರಯೋಗ ಇದ್ದರೆ ನಮಗೂ ಹೇಳಿ.

ಮೂರನೇ ಹಂತ ನಮಗೆ ಬಹಳ ಮುಖ್ಯ. ರೂಟರ್‌ನ ಐಪಿಟೇಬಲ್ಸ್‌ನಲ್ಲಿ ಫಾರ್ವರ್ಡ್ ಪೂರ್ತಿ ಬಂದ್ ಮಾಡಿ. ಪಿಂಗ್ ಆದರೂ ಹೋಗ್ತಾನೇ ಇರುತ್ತೆ. ಟ್ರೇಸ್‌ರೂಟ್ ಮಾಡಿ, ನಡುವಿನ ರೂಟರ್ ಮಾಯ. ಆಮೇಲೆ ವಿದ್ಯಾರ್ಥಿಗೆ ಒಂದೇ ಪ್ರಶ್ನೆ ಕೇಳಿ: ಈ ಅಡ್ಡದಾರಿಯಲ್ಲಿ ಏನೇನು ತಪ್ಪಿ ಹೋಯ್ತು, ಅದರಲ್ಲಿ ಯಾವುದನ್ನ ನಿಮ್ಮ ಪ್ರೋಗ್ರಾಂಗೆ ವಾಪಸ್ ಸೇರಿಸ್ತೀರಿ? ಇದಕ್ಕೆ ಬಾಯಿಪಾಠದ ಉತ್ತರ ಇಲ್ಲ. ಸೀನಿಯರ್‌ಗಳ ರೆಕಾರ್ಡ್ ಬುಕ್‌ನಲ್ಲೂ ಸಿಗಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನಮಗೆ ಗೊತ್ತು. ಸಿಲಬಸ್‌ನಲ್ಲಿ ಇಲ್ಲ ಅನ್ನೋದು ಮೊದಲನೆಯದು. ನಿಜ, ಸಿಲಬಸ್ ಬದಲಿಸೋದು ನಮ್ಮ ಕೈಯಲ್ಲೂ ಇಲ್ಲ, ನಮ್ಮ ಮೇಷ್ಟ್ರುಗಳ ಕೈಯಲ್ಲೂ ಇಲ್ಲ. ಆದರೆ ಪಟ್ಟಿಯ ಪ್ರಯೋಗಗಳ ಜೊತೆಗೆ ಇನ್ನೊಂದನ್ನ ಸೇರಿಸೋಕೆ, ಮಿನಿ ಪ್ರಾಜೆಕ್ಟ್ ಆಗಿ ಒಪ್ಪಿಕೊಳ್ಳೋಕೆ ಯಾರೂ ಬೇಡ ಅನ್ನಲ್ಲ. ಲ್ಯಾಬ್ ಕಂಪ್ಯೂಟರ್‌ನಲ್ಲಿ ವಿದ್ಯಾರ್ಥಿಗಳಿಗೆ ರೂಟ್ ಪಾಸ್‌ವರ್ಡ್ ಕೊಡೋಕೆ ಆಗಲ್ಲ ಅನ್ನೋದು ಎರಡನೆಯದು. ಅದೂ ನ್ಯಾಯವೇ. ವರ್ಚುವಲ್ ಮಷೀನ್ ಒಳಗೆ ರೂಟ್ ಕೊಡಿ. ಕೆಟ್ಟರೆ ಅಳಿಸಿ ಹೊಸದು ಹಾಕಿದರಾಯ್ತು. ಮೂರನೆಯದು, ಸಿಮ್ಯುಲೇಟರ್ ಬೇಡವೇ ಬೇಡ ಅಂತೀರಾ ಅನ್ನೋದು. ಹಾಗೆ ಹೇಳ್ತಾ ಇಲ್ಲ. ನೂರು ನೋಡ್‌ಗಳ ವೈರ್‌ಲೆಸ್ ಜಾಲ ಹೇಗೆ ನಡೆದುಕೊಳ್ಳುತ್ತೆ ಅಂತ ನೋಡೋಕೆ ಸಿಮ್ಯುಲೇಟರ್ ಬೇಕು. ಆದರೆ ಒಂದು ಪ್ಯಾಕೆಟ್ ಒಂದು ಯಂತ್ರದೊಳಗೆ ಹೇಗೆ ಹೋಗುತ್ತೆ ಅಂತ ತಿಳಿಯೋಕೆ ಯಂತ್ರವನ್ನೇ ನೋಡಬೇಕು.

ಇನ್ನೊಂದು ಮಾತು, ಇದು ನಮ್ಮ ಕನ್ನಡ ಕ್ಲಬ್ಬಿನದ್ದೇ ಚಿಂತೆ. ಪಿಯುಸಿ ತನಕ ಕನ್ನಡದಲ್ಲಿ ಓದಿ ಬಂದವರು, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರಿದವರು ನೆಟ್‌ವರ್ಕಿಂಗ್ ಅಂದ್ರೆ ಹೆದರೋದನ್ನ ನಾವು ನೋಡ್ತಾ ಇದ್ದೀವಿ. ಅವರಿಗೆ ಕಷ್ಟ ಆಗ್ತಿರೋದು ತರ್ಕ ಅಲ್ಲ, ಇಂಗ್ಲಿಷ್ ವಾಕ್ಯಗಳ ಕಾಡು. ದಾರಿ ಯಾವುದು, ಬಾಗಿಲು ಯಾವುದು ಅಂತ ಕನ್ನಡದಲ್ಲಿ ಒಮ್ಮೆ ಹೇಳಿ, ಕೈಯಿಂದ ಒಮ್ಮೆ ಮಾಡಿಸಿದರೆ, ಅವರೇ ನಾಳೆ ಬೇರೆಯವರಿಗೆ ಹೇಳಿಕೊಡ್ತಾರೆ. ಅದಕ್ಕೇ ಮೇಲಿನ ಮೂರು ಹಂತಗಳ ಪೂರ್ತಿ ಕೈಪಿಡಿಯನ್ನ, ಒಂದೊಂದು ಕಮಾಂಡ್ ಯಾಕೆ ಅನ್ನುವ ವಿವರಣೆ ಸಮೇತ, ಕನ್ನಡದಲ್ಲಿ ಬರೆದು ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ. ಬೇರೆ ಬ್ರಾಂಚಿನವರೂ ಮಾಡಬಹುದು, ಸಿಎಸ್ ಆಗಿರಲೇಬೇಕು ಅಂತಿಲ್ಲ.

ಸುಮಾರು ಮೂರು ವರ್ಷ ಹಾಗೇ ಉಳಿದ ಆ ಎಣಿಕೆಯ ತಪ್ಪನ್ನ ಮತ್ತೊಮ್ಮೆ ನೆನೆಸಿಕೊಳ್ಳಿ. ಅದನ್ನ ಕಂಡುಹಿಡಿಯೋಕೆ ದೊಡ್ಡ ಗಣಿತ ಬೇಕಿರಲಿಲ್ಲ. ಪ್ಯಾಕೆಟ್ ಕಳಿಸಿ, ಎಣಿಕೆ ನೋಡಿ, "ಇದ್ಯಾಕೆ ಏರ್ತಾ ಇಲ್ಲ?" ಅಂತ ಕೇಳುವ ಒಬ್ಬರು ಬೇಕಿತ್ತು. ಅಂಥ ತಪ್ಪುಗಳು ಕರ್ನಲ್‌ನಲ್ಲಿ ಇನ್ನೂ ಇವೆ. ಹುಡುಕುವವರಲ್ಲಿ ಪದ್ಮನಾಭನಗರದ ಪಿಜಿಯೊಂದರಲ್ಲಿ ಕೂತವರೂ ಒಬ್ಬರಿರಲಿ. ವರ್ಚುವಲ್ ಮಷೀನ್ ಹಾಕಿಕೊಳ್ಳೋಕೆ ಸಹಾಯ ಬೇಕಾದವರು ಲ್ಯಾಬ್ ಮುಗಿದ ಮೇಲೆ ಕ್ಲಬ್ಬಿನ ಕೋಣೆಗೆ ಬನ್ನಿ.